ವಸಂತದ ಬಳ್ಳಿಯೂ ಹೂಗಾರನ ಕುಡಗೋಲೂ

ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ ಹುಡುಗರು ವನೌಷಧಿವರ್ಗಕ್ಕೆ ಬಂದರೆಂದರೆ ಆಕಳಿಸತೊಡಗುತ್ತಿದ್ದರು. ಹೆಸರಿನ ಮೇಲೆ ಹೆಸರು. ಗಿಡ ಮಾತ್ರ ಕಣ್ಣ ಮುಂದೆ ಇಲ್ಲ. ಆದರೂ ಆ ವರ್ಗದಲ್ಲಿಯ ಎರಡು ಹೆಸರುಗಳ ಬಳಿ ತುಸು ಹೊತ್ತು ನಿಲ್ಲುವುದು ಒಳ್ಳೆಯದು. ಮಾಧವೀಲತೆಗೆ ಅಮರಸಿಂಹನು ಕೊಡುವ ಹೆಸರುಗಳಲ್ಲಿ ‘ವಾಸಂತೀ’ ಎಂಬುದು ಒಂದು. ಮಲ್ಲಿಕೆಗೆ ಕೊಡುವ ಹೆಸರುಗಳಲ್ಲಿ ‘ಶೀತಭೀರು’ ಎಂಬುದು ಒಂದು. ಮೊದಲನೆಯದು ವಸಂತದ್ದು, ಎರಡನೆಯದು ಚಳಿಗೆ ಅಂಜುವುದು. ಕವಿಗೆ ಇವೆರಡೂ ಒಂದೇ ಮಾತಿನಂತೆ ತೋರಬಹುದು. ಚಳಿ ಕಳೆದ ಮೇಲೆ ಬರುವುದೇ ವಸಂತವಲ್ಲವೆ? ತೋಟಿಗನಿಗೆ ಮಾತ್ರ ಇವು ಎರಡು ಬೇರೆ ಮಾತುಗಳು. ಯಾವ ಬಳ್ಳಿಯನ್ನು ಯಾವಾಗ ಕತ್ತರಿಸಬೇಕು, ಯಾವಾಗ ಮುಟ್ಟಲೇಬಾರದು ಎಂಬ ತಿಳಿವಳಿಕೆಯೆಲ್ಲ ಈ ಎರಡು ಹೆಸರುಗಳೊಳಗೆ ಅಡಗಿದೆ. ಆ ತಿಳಿವಳಿಕೆಯ ಹಿಂದೆ ನಮ್ಮ ನಾಡಿನ ಸಾವಿರ ವರ್ಷಗಳ ಚರಿತ್ರೆಯ ಒಂದು ಎಳೆಯೂ ಉಂಟು. ಅದನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಮಾಧವಿಯನ್ನು ನೋಡೋಣ. ನಮ್ಮ ಪಂಚಾಂಗದ ಹಳೆಯ ಲೆಕ್ಕದಲ್ಲಿ ಚೈತ್ರಕ್ಕೆ ಮಧುವೆಂದೂ ವೈಶಾಖಕ್ಕೆ ಮಾಧವವೆಂದೂ ಹೆಸರು; ಈ ಎರಡು ತಿಂಗಳು ಕೂಡಿ ವಸಂತ. ಮಾಧವಿ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಸಹ್ಯಾದ್ರಿಯ ಕಾಡಿನಲ್ಲಿ ಇದು ಮರದಿಂದ ಮರಕ್ಕೆ ಹಬ್ಬುವ ಬಲವಾದ ಬಳ್ಳಿ. ಬುಡ ದಪ್ಪವಾಗಿ ಮರದಂತೆಯೇ ಗಟ್ಟಿಯಾಗುತ್ತದೆ. ಹೂವು ಬಿಳಿ, ಅಂಚೆಲ್ಲ ಜಾಲರಿ ಕತ್ತರಿಸಿದಂತೆ, ಐದು ಎಸಳುಗಳಲ್ಲಿ ಒಂದಕ್ಕೆ ಮಾತ್ರ ಹಳದಿಯ ಬೊಟ್ಟು. ಕಾಯಿಗೆ ಮೂರು ರೆಕ್ಕೆ. ಹೂವಿನ ಗೊಂಚಲು ಮೂಡುವುದು ಶಿಶಿರದ ಕೊನೆಗೆ. ವಸಂತ ಕಾಲಿಡುವ ಹೊತ್ತಿಗೆ ಬಳ್ಳಿಯೆಲ್ಲ ಬೆಳ್ಳಗಾಗಿ, ದುಂಬಿಗಳ ಮೊರೆತದಿಂದ ತುಂಬಿರುತ್ತದೆ. ಸಂಸ್ಕೃತ ನಾಟಕಗಳ ಉಪವನಗಳಲ್ಲಿ ‘ಮಾಧವೀಮಂಟಪ’ ಇಲ್ಲದಿದ್ದರೆ ನಾಯಕನಾಯಿಕೆಯರಿಗೆ ಸಂಧಿಸಲು ಸ್ಥಳವೇ ಇಲ್ಲ. ಕಾಳಿದಾಸನ ಶಕುಂತಲೆ ನೀರೆರೆಯುವುದು ಮಾವನ್ನು ವರಿಸಿದ ನವಮಾಲಿಕೆಗೆ. ಅವಳೇ ಅದಕ್ಕೆ ವನಜ್ಯೋತ್ಸ್ನೆ ಎಂದು ಹೆಸರಿಟ್ಟಿದ್ದಾಳೆ. ಆ ನಾಟಕವನ್ನು ೧೮೭೦ರಲ್ಲಿ ಚುರಮುರಿ ಶೇಷಗಿರಿರಾಯರು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದ ರಂಗಭೂಮಿಗೆ ಚಾಲನೆ ಕೊಟ್ಟ ಕೃತಿಗಳಲ್ಲಿ ಅದು ಮುಖ್ಯವಾದದ್ದೆಂದು ಎಲ್ಲರೂ ಬಲ್ಲರು. ಮರಾಠಿ ನಾಟಕಗಳ ಅಬ್ಬರದ ನಡುವೆ ಕನ್ನಡದ ಮಾತು ರಂಗದ ಮೇಲೆ ಕೇಳಿಸುವಂತಾದಾಗ, ಒಬ್ಬಳು ಹುಡುಗಿ ಬಳ್ಳಿಗೆ ನೀರೆರೆಯುವ ದೃಶ್ಯವೂ ಅದರ ಜೊತೆಗೆ ಬಂತೆಂಬುದು ನನಗೆ ಸಂತೋಷದ ಸಂಗತಿ.

ಕನ್ನಡ ನಾಡಿನಲ್ಲಿ ವಸಂತವೆಂದರೆ ಬನವಾಸಿ ನೆನಪಾಗಬೇಕು. ಅಲ್ಲಿಯ ದೇವರು ಮಧುಕೇಶ್ವರ. ೯೪೧ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದ ಪಂಪನು ಆಗ ಇದ್ದದ್ದು ದೂರದ ವೇಮುಲವಾಡದಲ್ಲಿ, ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿ. ಆದರೆ ಆತನ ಅರ್ಜುನನಿಗೆ ಬನವಾಸಿಯ ಚಿತ್ರ ಮನಸ್ಸಿನಲ್ಲಿ ಏಳುವುದು ಏತರಿಂದ? ತೆಂಕಣದ ಗಾಳಿಯಿಂದ, ಕಿವಿಗೆ ಬಿದ್ದ ಇಂಪಾದ ಹಾಡಿನಿಂದ, ವಸಂತದ ಹಬ್ಬದಿಂದ ಮತ್ತು ಬಿರಿದ ಮಲ್ಲಿಗೆಯಿಂದ. ಈ ಪಟ್ಟಿಯಲ್ಲಿ ಅರಮನೆಯಿಲ್ಲ, ಆನೆಯಿಲ್ಲ, ಭಂಡಾರವಿಲ್ಲ ಎಂಬುದನ್ನು ಗಮನಿಸಬೇಕು. ಪಂಪನು ಕಂಡ ಮಲ್ಲಿಗೆ ಚಳಿ ಹಿಮ್ಮೆಟ್ಟಿದ ಮೇಲೆ ಅರಳಿದ ಶೀತಭೀರುವೇ ಸರಿ. ವಸಂತೋತ್ಸವದ ಜೊತೆಯಲ್ಲಿ ಅದನ್ನು ಇಟ್ಟದ್ದು ಕೇವಲ ಕವಿಸಮಯವಲ್ಲ. ಗಿಡ ಹಾಗೆಯೇ ನಡೆದುಕೊಳ್ಳುತ್ತದೆ.

ಇಂದಿನ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಹಾನಗಲ್ಲು ಸೀಮೆಗಳು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚು. ಪಡುವಣದಲ್ಲಿ ಕಾಡಿನ ಮಾಧವಿ, ಮೂಡಣದಲ್ಲಿ ಎರೆಯ ಹೊಲ. ನಡುವೆ ಕೆರೆಯ ಕೆಳಗಿನ ತೋಟಗಳು. ಚಾಲುಕ್ಯರ ಕಾಲದ ಗುಡಿಗಳು ಇಲ್ಲಿ ಹೆಜ್ಜೆಹೆಜ್ಜೆಗೆ ಇವೆ: ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ, ತುಂಗಭದ್ರೆಯ ದಂಡೆಯ ಗಳಗನಾಥ, ಚೌಡದಾನಪುರದ ಮುಕ್ತೇಶ್ವರ. ಈ ಕಾಲದ ಗುಡಿಗಳ ಬಾಗಿಲುವಾಡಗಳನ್ನು ಒಮ್ಮೆ ನಿಂತು ನೋಡಬೇಕು. ಶಿಲ್ಪಶಾಸ್ತ್ರದವರು ಅದನ್ನು ಶಾಖೆಗಳಾಗಿ ವಿಂಗಡಿಸುತ್ತಾರೆ. ಅವುಗಳಲ್ಲಿ ಲತಾಶಾಖೆ ಒಂದು. ಬುಡದಿಂದ ಹೊರಟ ಬಳ್ಳಿ ಸುರುಳಿ ಸುರುಳಿಯಾಗಿ ಮೇಲೇರಿ, ಪ್ರತಿ ಸುರುಳಿಯಲ್ಲೂ ಒಂದು ಎಲೆ ಅಥವಾ ಹೂ ಬಿಡುತ್ತದೆ. ಪ್ರವಾಸಿಗಳು ದೇವರನ್ನು ನೋಡುತ್ತಾರೆ, ಮದನಿಕೆಯನ್ನು ನೋಡುತ್ತಾರೆ, ಈ ಬಳ್ಳಿಯನ್ನು ದಾಟಿ ಒಳಗೆ ಹೋಗುತ್ತಾರೆ. ಕಲ್ಲುಕುಟಿಗನ ಬಳ್ಳಿ ಎಲ್ಲಿಯೂ ಅಡ್ಡಾದಿಡ್ಡಿ ಹಬ್ಬಿಲ್ಲ. ಆಳು ನಿಂತು ಕಟ್ಟಿ ಬಾಗಿಸಿದ ತೋಟದ ಬಳ್ಳಿಯಂತೆ ಅದು ಶಿಸ್ತಿನದು. ಕಾಡಿನ ಬಳ್ಳಿಯನ್ನು ಮಾತ್ರ ಕಂಡವನು ಹೀಗೆ ಕೊರೆಯಲಾರನೆಂದು ನನ್ನ ಊಹೆ.

ತೋಟಗಳಿದ್ದುದಕ್ಕೆ ಶಾಸನಗಳೇ ಸಾಕ್ಷಿ. ಹನ್ನೊಂದು, ಹನ್ನೆರಡನೆಯ ಶತಮಾನಗಳ ದಾನಶಾಸನಗಳನ್ನು ಓದುವವರಿಗೆ ಅಂಗಭೋಗ, ರಂಗಭೋಗ, ನಂದಾದೀವಿಗೆ ಎಂಬ ಮಾತುಗಳ ಜೊತೆಯಲ್ಲೇ ‘ಪೂದೋಂಟ’ ಎಂಬ ಮಾತೂ ಪರಿಚಿತವಾಗಿರುತ್ತದೆ. ದೇವರಿಗೆ ಎಣ್ಣೆಗೆ ಗಾಣದ ಸುಂಕ, ನೈವೇದ್ಯಕ್ಕೆ ಗದ್ದೆ, ಹೂವಿಗೆ ತೋಟ. ಮತ್ತರು, ಕಮ್ಮ ಎಂದು ಅಳೆದು, ಎಲ್ಲೆ ಹೇಳಿ, ಕೆರೆಯ ನೀರಿನ ಅನುಕೂಲವನ್ನೂ ನೋಡಿ ಬಿಟ್ಟುಕೊಟ್ಟ ಭೂಮಿ ಅದು. ಆ ತೋಟವನ್ನು ನೋಡಿಕೊಳ್ಳುವವನಿಗೂ ಒಂದು ಪಾಲು. ಅಂದರೆ ಹೂವು ಆಗ ಭಕ್ತಿಯ ವಿಷಯ ಮಾತ್ರವಲ್ಲ, ಒಂದು ಹುದ್ದೆ, ಒಂದು ಕುಟುಂಬದ ಅನ್ನ.

ಆ ಕುಟುಂಬದವರನ್ನು ಕರೆಯುವ ಮಾತುಗಳನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ರುಚಿಯಿದೆ. ಹಳೆಯ ಮಾತು ಮಾಲೆಗಾರ. ತೆಂಕಣ ಜಿಲ್ಲೆಗಳಲ್ಲಿ ಹೂವಾಡಿಗ. ನಮ್ಮ ಕಡೆ ಹೂಗಾರ. ‘ಗಾರ’, ‘ಇಗ’ ಎಂಬ ತದ್ಧಿತ ಪ್ರತ್ಯಯಗಳು ಕನ್ನಡದಲ್ಲಿ ಕಸುಬನ್ನು ಹೇಳುತ್ತವೆ: ಬಳೆಗಾರ, ಕನ್ನಡಿಗ, ಗಾಣಿಗ. ಹುಡುಗರು ‘ಕನ್ನಡಿಗ ಕಸುಬೇ ಸರ್?’ ಎಂದು ಕೇಳುವುದುಂಟು; ಆ ಪ್ರಶ್ನೆಯನ್ನು ಇಲ್ಲಿ ಬಿಡೋಣ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೂಗಾರ ಮಾದಯ್ಯನ ಹೆಸರಿದೆ. ಬೆಳಗು ಹರಿಯುವ ಮೊದಲೇ ಹೂ, ಪತ್ರೆ ಕೊಯ್ದು ಮನೆಮನೆಗೆ ಮುಟ್ಟಿಸುವುದನ್ನೇ ಕಾಯಕವೆಂದು ನಂಬಿದವರ ಪ್ರತಿನಿಧಿ ಆತ. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಹೂಗಾರನಿಗೆ ಬಿಡುವಿನ ದಿನ ಇದ್ದಿರಲಾರದು.

ತುಂಗಭದ್ರೆಯ ಆಚೆಯ ದಂಡೆಗೆ ಹೋದರೆ ಊರಿನ ಹೆಸರೇ ಹೂವಿನದಾಗುತ್ತದೆ. ಹೂವಿನ ಹಡಗಲಿ ಶಾಸನಗಳ ‘ಪೂವಿನ ಪಡಂಗಿಲೆ’. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದವಳು ರೆಬ್ಬಲದೇವಿ ಎಂಬ ಹೆಣ್ಣುಮಗಳು. ಹಡಗಲಿಯ ಹೂವು ಹೊಳೆಯ ಮೇಲೆ ಹಂಪೆಗೆ, ವಿರೂಪಾಕ್ಷನ ಪೂಜೆಗೆ ಹೋಗುತ್ತಿತ್ತೆಂದು ಜನ ಇಂದಿಗೂ ಹೇಳುತ್ತಾರೆ. ಜನರ ಮಾತನ್ನು ಶಾಸನದಷ್ಟು ನೆಚ್ಚಬೇಕಿಲ್ಲ. ಆದರೆ ತಳ್ಳಿಹಾಕಲು ಕಾರಣವೂ ಇಲ್ಲ. ೧೪೪೩ರಲ್ಲಿ ಇಮ್ಮಡಿ ದೇವರಾಯನ ವಿಜಯನಗರವನ್ನು ಕಂಡ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ಅಲ್ಲಿಯ ಜನಕ್ಕೆ ಹೂವು ಅನ್ನದಷ್ಟೇ ಅಗತ್ಯ, ಅದಿಲ್ಲದೆ ಅವರು ಬದುಕಲಾರರು ಎಂಬ ಅರ್ಥದಲ್ಲಿ ಬರೆದಿದ್ದಾನೆ. ಆತ ಹೇಳಿದ್ದು ಮುಖ್ಯವಾಗಿ ಗುಲಾಬಿಯ ವಿಷಯ. ಅಷ್ಟು ದೊಡ್ಡ ಪಟ್ಟಣಕ್ಕೆ ದಿನ ಬೆಳಗಾದರೆ ಬಾಡದ ಹೂವು ಬೇಕಾದರೆ ಸುತ್ತಲಿನ ಹೊಳೆಸಾಲಿನ ಊರುಗಳಲ್ಲಿ ತೋಟಗಳಿರಲೇಬೇಕಲ್ಲವೆ? ಈಗ ಹಡಗಲಿಯ ಮಲ್ಲಿಗೆಗೆ ಮೈಸೂರು, ಉಡುಪಿಯ ಮಲ್ಲಿಗೆಗಳಂತೆಯೇ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಉಡುಪಿಯ ಕಡೆ ಈ ಹೂವಿನ ಲೆಕ್ಕ ಚೆಂಡು, ಅಟ್ಟೆಗಳಲ್ಲಿ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮ ಕಡೆ ಇನ್ನೂ ಮೊಳವೇ. ಮಾರುವವಳ ಮೊಳಕ್ಕೂ ಕೊಳ್ಳುವವಳ ಮೊಳಕ್ಕೂ ಜಗಳ ತಪ್ಪಿದ್ದಲ್ಲ.

ಹಳೆಯವರು ತೋಟದ ವಿದ್ಯೆಯನ್ನು ಬರೆದಿಟ್ಟಿಲ್ಲವೆಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಸುಮಾರು ೧೦೨೫ರಲ್ಲಿ ‘ಲೋಕೋಪಕಾರ’ವನ್ನು ಕನ್ನಡದಲ್ಲಿ ರಚಿಸಿದನು. ಪಂಚಾಂಗ, ವಾಸ್ತು, ಅಂತರ್ಜಲದ ಶೋಧ, ಸುಗಂಧ, ಅಡಿಗೆ, ಪಶುವೈದ್ಯ ಇವುಗಳ ನಡುವೆ ಅಲ್ಲಿ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯವಿದೆ. ಗಿಡಕ್ಕೂ ಮನುಷ್ಯನಂತೆ ವಾತಪಿತ್ತಕಫಗಳುಂಟೆಂದು ತಿಳಿದು ಚಿಕಿತ್ಸೆ ಹೇಳುವ ಶಾಸ್ತ್ರ ಅದು. ಅದರ ಮಾತುಗಳೆಲ್ಲ ಇಂದು ನಿಲ್ಲುವುದಿಲ್ಲ. ಹೂವಿನ ಬಣ್ಣ, ಪರಿಮಳಗಳನ್ನು ಬದಲಿಸುವ ಕಷಾಯಗಳನ್ನು ನಂಬಿ ಯಾರೂ ಹಣ ಖರ್ಚು ಮಾಡಬೇಕಾಗಿಲ್ಲ. ಆದರೆ ಸಂಸ್ಕೃತದಲ್ಲೇ ಇರಬೇಕಾಗಿದ್ದ ಶಾಸ್ತ್ರವನ್ನು ಒಬ್ಬ ಕನ್ನಡ ಕವಿ ಲೋಕದ ಉಪಕಾರಕ್ಕೆಂದು ಕನ್ನಡದಲ್ಲಿ ಹೇಳಿದನಲ್ಲ, ಅದು ದೊಡ್ಡದು. ನೂರು ವರ್ಷಗಳ ಬಳಿಕ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳನ್ನು ಎಣಿಸುವಾಗ ಮಾಲೆಗೆ ಪ್ರತ್ಯೇಕ ಸ್ಥಾನವನ್ನು ಕೊಟ್ಟನು. ಒಬ್ಬನ ಗ್ರಂಥ ಹೂವನ್ನು ಬೆಳೆಯುವವನ ಕಡೆಯಿಂದ, ಇನ್ನೊಬ್ಬನದು ಮುಡಿಯುವವನ ಕಡೆಯಿಂದ. ನನ್ನ ಒಲವು ಮೊದಲನೆಯವನ ಕಡೆಗೆ.

ಗ್ರಂಥಗಳಿಂದ ತೋಟಕ್ಕೆ ಇಳಿಯೋಣ. ಮಲ್ಲಿಗೆಯು ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿ ಎಷ್ಟು ಸೊಂಪಾಗಿದ್ದರೂ ಅದರಿಂದ ಹೂವಿಲ್ಲ. ಅದರಿಂದ ಹೊರಡುವ ಹೊಸ ಕವಲಿನಿಂದಲೇ ಹೂವು. ಆದಕಾರಣ ಚಳಿಗಾಲದಲ್ಲಿ ಅದನ್ನು ಕತ್ತರಿಸಬೇಕು. ದುಂಡುಮಲ್ಲಿಗೆಗೆ ಕಾರ್ತಿಕ ಕಳೆದು ಮಾರ್ಗಶಿರದ ಹೊತ್ತು ಸರಿ, ಎಂದರೆ ನವೆಂಬರಿನ ಕೊನೆಯಿಂದ ಡಿಸೆಂಬರ್. ಸೂಜಿಮಲ್ಲಿಗೆಗೆ ಇನ್ನೂ ತಡ, ಜನವರಿಯ ಕೊನೆ. ಕತ್ತರಿಸುವ ಮುಂಚೆ ನೀರು ಬಿಡುವುದನ್ನು ನಿಲ್ಲಿಸಿ ಬಳ್ಳಿಯನ್ನು ಬಾಡಿಸುತ್ತಾರೆ. ಆಮೇಲೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಮೇಲಿನದನ್ನೆಲ್ಲ ತೆಗೆದುಹಾಕುತ್ತಾರೆ. ಒಣಕಡ್ಡಿ, ರೋಗದ ಕಡ್ಡಿ, ಒಂದಕ್ಕೊಂದು ಹೆಣೆದ ಕಡ್ಡಿ ಒಂದನ್ನೂ ಉಳಿಸುವುದಿಲ್ಲ. ಉಳಿದ ಎಲೆಯನ್ನು ಕೈಯಿಂದ ಸವರುತ್ತಾರೆ. ಬುಡದ ಮಣ್ಣು ಬಿಡಿಸಿ ಕೆಲವು ದಿನ ಬಿಸಿಲು ತೋರಿಸಿ, ಕೊಟ್ಟಿಗೆಗೊಬ್ಬರ ತುಂಬಿ, ಮತ್ತೆ ನೀರು ಕೊಡುತ್ತಾರೆ. ಹೊಸಬರು ಇದನ್ನು ಕಂಡರೆ ಗಿಡವನ್ನು ಕೊಂದರೆಂದೇ ತಿಳಿಯುತ್ತಾರೆ. ಬೋಳಾದ ಮೋಟುಗಳ ಸಾಲು. ಅದರಲ್ಲಿ ಜೀವವಿದೆಯೆಂದು ತೋರುವ ಗುರುತೇ ಇಲ್ಲ. ಚಳಿ ತಗ್ಗುತ್ತಿದ್ದಂತೆ ಗಿಣ್ಣುಗಿಣ್ಣಿನಲ್ಲಿ ಕೆಂಪು ಛಾಯೆಯ ಚಿಗುರು ಕಾಣುತ್ತದೆ, ಫಾಲ್ಗುಣಕ್ಕೆ ಮೊಗ್ಗು. ಯುಗಾದಿಗೆ ಬುಟ್ಟಿ ತುಂಬುತ್ತದೆ. ಮೊಗ್ಗನ್ನು ಬೆಳಗಿನ ಜಾವದಲ್ಲಿ, ಬಿಳುಪೇರಿ ಇನ್ನೂ ಬಿರಿಯದಿರುವಾಗ ಬಿಡಿಸಬೇಕು. ಹೊತ್ತೇರಿದ ಮೇಲೆ ಬಿಡಿಸಿದ ಹೂವು ಸಂಜೆಯ ಮುಡಿಗೆ ತಡೆಯುವುದಿಲ್ಲ. ಚಳಿಗೆ ಅಂಜುವ ಬಳ್ಳಿ ಚಳಿಯಲ್ಲಿ ಹೇಗೂ ಸುಮ್ಮನಿರುತ್ತದೆ. ಆ ಸುಮ್ಮನಿರುವ ಕಾಲವನ್ನೇ ತೋಟಿಗ ಕುಡಗೋಲಿಗೆ ಕೊಟ್ಟಿದ್ದಾನೆ. ಶೀತಭೀರು ಎಂಬ ಹೆಸರಿಟ್ಟವನು ಬೇಸಾಯಗಾರನ ಮಗನೇ ಇರಬೇಕು.

ಮಾಧವಿಗೆ ಈ ಲೆಕ್ಕವನ್ನು ಹಚ್ಚಿದರೆ ಅನರ್ಥ. ಅದರ ಗೊಂಚಲು ಬರುವುದು ಹಿಂದಿನ ಮಳೆಗಾಲದಲ್ಲಿ ಬೆಳೆದು ಬಲಿತ ಕೊಂಬೆಗಳಲ್ಲಿ. ಮಾರ್ಗಶಿರದಲ್ಲಿ ಅದನ್ನು ಸವರಿದವನು ಬರಲಿರುವ ವಸಂತವನ್ನೇ ಸವರಿದಂತೆ. ಅದನ್ನು ಹೂವೆಲ್ಲ ಉದುರಿದ ಮೇಲೆ, ಮಳೆ ಬೀಳುವ ಮುಂಚೆ ಕತ್ತರಿಸಬೇಕು. ಆಗ ಮಳೆಗೆ ಬಂದ ಹೊಸ ಕೊಂಬೆ ಮುಂದಿನ ವರ್ಷದ ಹೂವಿಗೆ ಸಿದ್ಧವಾಗುತ್ತದೆ. ಕತ್ತರಿಸದೆ ಬಿಡುವುದೂ ಕೂಡದು. ಚಪ್ಪರವನ್ನು ಮುರಿದು ಪಕ್ಕದ ಮರವನ್ನು ಏರಿ ಅದರ ಬೆಳಕನ್ನೇ ನುಂಗುತ್ತದೆ. ನಮ್ಮ ಕವಿಗಳ ಈ ಕೋಮಲಾಂಗಿ ಮಾರಿಶಸ್, ಹವಾಯಿ ದ್ವೀಪಗಳಿಗೆ ಹೋಗಿ ಅಲ್ಲಿಯ ಕಾಡುಮರಗಳನ್ನು ಹಿಸುಕುವ ಕಳೆಯಾಗಿದೆ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ.

ಈ ಭೇದ ನಮ್ಮ ಬಳ್ಳಿಗಳಿಗೆ ಮಾತ್ರ ಸೇರಿದ್ದಲ್ಲ. ಇಂಗ್ಲೆಂಡಿನ ತೋಟಗಳಲ್ಲಿ ಕ್ಲೆಮಾಟಿಸ್ ಎಂಬ ಬಳ್ಳಿಗೆ ದೊಡ್ಡ ಗೌರವ. ಅದರ ಜಾತಿಗಳನ್ನು ಅಲ್ಲಿಯವರು ಕತ್ತರಿಸುವ ಕಾಲವನ್ನು ಹಿಡಿದೇ ಮೂರು ಗುಂಪು ಮಾಡಿದ್ದಾರೆ. ವಸಂತದಲ್ಲಿ ಹೂ ಬಿಡುವ ಗುಂಪು ಹಿಂದಿನ ವರ್ಷದ ಕಡ್ಡಿಯ ಮೇಲೆ ಹೂ ಬಿಡುತ್ತದೆ. ಅದನ್ನು ಹೂವಾದ ಕೂಡಲೇ, ಅದೂ ಹದವಾಗಿ, ಕತ್ತರಿಸುವುದು. ಬೇಸಗೆಯ ಕೊನೆಗೆ ಹೊಸ ಚಿಗುರಿನಲ್ಲಿ ಹೂ ಬಿಡುವ ಗುಂಪನ್ನು ಚಳಿ ಮುಗಿಯುವ ಹೊತ್ತಿಗೆ ಬುಡದ ಹತ್ತಿರಕ್ಕೆ ಕತ್ತರಿಸುವುದು. ಎಂದರೆ ಮೊದಲನೆಯದು ಮಾಧವಿಯ ಧರ್ಮ, ಎರಡನೆಯದು ಮಲ್ಲಿಗೆಯ ಧರ್ಮ. ವಸಂತದ ಕ್ಲೆಮಾಟಿಸ್‌ಗಳಲ್ಲಿ ಬಹು ಪ್ರಸಿದ್ಧವಾದ ‘ಮೊಂಟಾನಾ’ ಹಿಮಾಲಯದ್ದು. ೧೮೩೧ರಲ್ಲಿ ಗವರ್ನರ್ ಜನರಲ್ಲನ ಪತ್ನಿ ಲೇಡಿ ಆಮ್‌ಹರ್ಸ್ಟ್ ಅದನ್ನು ಇಂಗ್ಲೆಂಡಿಗೆ ಮುಟ್ಟಿಸಿದಳು. ಅದರ ಶಾಸ್ತ್ರೀಯ ಹೆಸರಿನ ಬೆನ್ನಿಗೆ ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್ನನ ಹೆಸರು ಅಂಟಿಕೊಂಡಿದೆ. ಈತ ಯಾರೆಂದು ಕನ್ನಡ ಚರಿತ್ರೆಯನ್ನು ಓದಿದವರಿಗೆ ಹೇಳಬೇಕಾಗಿಲ್ಲ. ಟೀಪುವಿನ ಪತನದ ಮರುವರ್ಷ, ೧೮೦೦-೦೧ರಲ್ಲಿ, ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಊರೂರು ಸುತ್ತಿ, ಯಾವ ಹೊಲದಲ್ಲಿ ಏನು ಬೆಳೆ, ಯಾರಿಗೆ ಎಷ್ಟು ಕೂಲಿ ಎಂದು ಬರೆದಿಟ್ಟ ವೈದ್ಯನೇ ಆತ. ಬನವಾಸಿಯನ್ನೂ ಕಂಡು ಹೋದವನು. ಆತನ ಗ್ರಂಥ ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಇನ್ನು ನಮ್ಮ ಪೂದೋಂಟಗಳು ಏನಾದವು ಎಂಬ ಪ್ರಶ್ನೆ. ದೇವಸ್ಥಾನದ ಚಾಕರಿಗೆಂದು ನಡೆದುಬಂದ ಇನಾಮು ಭೂಮಿಗಳು ಸ್ವಾತಂತ್ರ್ಯಾನಂತರದ ಶಾಸನಗಳಿಂದ, ವಿಶೇಷವಾಗಿ ೧೯೭೪ರ ಭೂಸುಧಾರಣೆ ಮತ್ತು ೧೯೭೭ರ ಇನಾಮು ರದ್ದತಿ ಕಾಯಿದೆಗಳಿಂದ, ಹಿಂದಿನ ರೂಪದಲ್ಲಿ ಉಳಿಯಲಿಲ್ಲ. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಅದನ್ನು ಹಳಿಯುವವರ ಜೊತೆಗೆ ನಾನಿಲ್ಲ. ಆದರೆ ಭೂಮಿಯ ಜೊತೆಗೆ ಅಂಟಿದ್ದ ‘ಇಲ್ಲಿ ಹೂವೇ ಬೆಳೆಯತಕ್ಕದ್ದು’ ಎಂಬ ಕಟ್ಟಳೆ ಕಳಚಿಬಿದ್ದಿತು. ಮೆಣಸಿನಕಾಯಿಗೆ ಬ್ಯಾಡಗಿಯ ಪೇಟೆ ಹತ್ತಿರವಿರುವಾಗ ಮಲ್ಲಿಗೆಯನ್ನು ಬೆಳೆಯೆಂದು ರೈತನಿಗೆ ಯಾರು ಹೇಳಬೇಕು? ಹೂವೆಂದರೆ ನಸುಕಿಗೆ ಏಳುವ ಕೂಲಿಯಾಳು ಬೇಕು, ಅಂದೇ ಮಾರಾಟವಾಗಬೇಕು. ಮೆಣಸಿನಕಾಯಿ ಒಣಗಿಸಿಟ್ಟರೆ ಕಾಯುತ್ತದೆ. ಹಾವೇರಿಯವರು ಏಲಕ್ಕಿಯನ್ನು ಪೋಣಿಸಿ ಮಾಲೆ ಮಾಡುವುದರಲ್ಲಿ ಹೆಸರಾದವರು. ಬಾಡದ ಆ ಮಾಲೆ ದೊಡ್ಡವರ ಸನ್ಮಾನಗಳಿಗೆ ಹೋಗುತ್ತದೆ. ಅದರ ಕುಶಲತೆಗೆ ತಲೆಬಾಗುತ್ತೇನೆ. ಆದರೂ ಬಾಡುವ ಮಾಲೆಯನ್ನು ಕಟ್ಟುವವರು ದಿನಾ ಬೆಳಗ್ಗೆ ಮತ್ತೆ ತೋಟಕ್ಕೆ ಹೋಗಲೇಬೇಕಾಗಿತ್ತು ಎಂಬುದನ್ನು ಮರೆಯಲಾಗದು.

ಹೂಗಾರರ ಮಕ್ಕಳು ಶಾಲೆ ಓದಿ ಬೇರೆ ಉದ್ಯೋಗಕ್ಕೆ ಹೋಗುತ್ತಿದ್ದಾರೆ; ಹೋಗಲಿ. ತೊಂದರೆ ಬಂದಿರುವುದು ಇನ್ನೊಂದು ಕಡೆ. ಪಂಪನ ಬನವಾಸಿಯ ಪದ್ಯವನ್ನು ಪಾಠ ಹೇಳುವಾಗ ಮಲ್ಲಿಗೆಯ ಅರ್ಥವನ್ನು ಯಾರೂ ಕೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ‘ಮಲ್ಲಿಗೆ ಯಾವ ಕಾಲಕ್ಕೆ ಅರಳುತ್ತದೆ?’ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಪೇಟೆಯಲ್ಲಿ ಎಲ್ಲ ಕಾಲಕ್ಕೂ ಒಂದಿಲ್ಲೊಂದು ಹೂವು ಸಿಕ್ಕುತ್ತದಲ್ಲ! ಒಬ್ಬ ಹುಡುಗಿ ಮಾತ್ರ, ‘ಚಳಿಗಾಲದಾಗ ನಮ್ಮವ್ವ ಎಲ್ಲಾ ಕಡದ ಬಿಡ್ತಾಳ್ರೀ ಸರ್, ಯುಗಾದಿಗೆ ಬರ್ತೈತಿ’ ಎಂದಳು. ಟೀಕೆಯಲ್ಲಿ ಬರೆಯದ ಅರ್ಥ ಅದು. ಆ ದಿನ ಪಾಠ ಮುಂದೆ ಹೋಗಲಿಲ್ಲ. ಅವಳ ತಾಯಿ ಎಷ್ಟು ಎತ್ತರ ಬಿಟ್ಟು ಕಡಿಯುತ್ತಾಳೆ, ಬುಡಕ್ಕೆ ಏನು ಹಾಕುತ್ತಾಳೆ ಎಂದು ಉಳಿದವರೆಲ್ಲ ಅವಳನ್ನೇ ಕೇಳಿದರು.

ಕಾಗಿನೆಲೆಯ ವಿಷಯಕ್ಕೆ ಒಂದು ಮಾತು. ತಮಿಳರ ಸಂಘಸಾಹಿತ್ಯದಲ್ಲಿ ನೆಲವನ್ನು ಹೂವಿನ ಹೆಸರಿನಿಂದ ಐದು ತಿಣೆಗಳಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ‘ಮುಲ್ಲೈ’ ಎಂಬುದು ಕಾಡಂಚಿನ ಹುಲ್ಲುಗಾವಲು. ಅಲ್ಲಿಯ ಜನ ಕುರಿದನ ಕಾಯುವವರು. ಅಲ್ಲಿಯ ದೇವರು ಮಾಯೋನ್, ಅಂದರೆ ಕಪ್ಪುಮೈಯ ವಿಷ್ಣು. ಮುಲ್ಲೈ ಎಂದರೆ ನಮ್ಮ ಮೊಲ್ಲೆ, ಮಲ್ಲಿಗೆಯ ಒಕ್ಕಲು. ಮಲೆನಾಡಿನ ಅಂಚಿನ ಈ ಸೀಮೆಯಲ್ಲಿ, ಬಾಡದಲ್ಲಿ ಕುರುಬರ ಮನೆತನದಲ್ಲಿ ಹುಟ್ಟಿದ ಕನಕದಾಸರು (೧೫೦೯-೧೬೦೯) ಕಾಗಿನೆಲೆಯ ಆದಿಕೇಶವನನ್ನೇ ತಮ್ಮ ಅಂಕಿತ ಮಾಡಿಕೊಂಡು ಹಾಡಿದರು. ಅವರ ಗದ್ದುಗೆಯೂ ಇಲ್ಲಿಯೇ ಇದೆ. ಕಾಡಂಚು, ಕುರಿ, ಕೇಶವ, ಮೊಲ್ಲೆ, ನಾಲ್ಕೂ ಒಂದೆಡೆ ಕೂಡಿದ್ದು ನೋಡಿದರೆ ಮನಸ್ಸಿಗೆ ಹಿತವಾಗುತ್ತದೆ. ಇದರಿಂದ ಚರಿತ್ರೆಯನ್ನು ಸಾಧಿಸಲು ಹೊರಟರೆ ಅದು ಅತಿಯಾಗುತ್ತದೆ. ಸಂಘಕಾಲಕ್ಕೂ ಕನಕರಿಗೂ ನಡುವೆ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರ. ಕೇಶವನಿಗೆ ಮಾಧವನೆಂಬ ಹೆಸರೂ ಉಂಟೆಂಬುದನ್ನು ಮಾತ್ರ ನೆನಪಿಸಿ ಬಿಡುತ್ತೇನೆ.

ಹಿತ್ತಿಲಿನಲ್ಲಿ ಸ್ಥಳವಿದ್ದವರು ಎರಡೂ ಬಳ್ಳಿಯನ್ನು ಹಚ್ಚಬಹುದು. ಮಲ್ಲಿಗೆಗೆ ಮಳೆಗಾಲದಲ್ಲಿ, ತೀರ ಎಳೆಯದೂ ಅಲ್ಲದ ತೀರ ಬಲಿತದ್ದೂ ಅಲ್ಲದ, ಮೂರು ನಾಲ್ಕು ಗಿಣ್ಣಿನ ಕಡ್ಡಿಯನ್ನು ಮರಳುಮಣ್ಣಿನಲ್ಲಿ ಊರಿದರೆ ಬೇರು ಬಿಡುತ್ತದೆ; ಇಲ್ಲವೆ ಬಳ್ಳಿಯನ್ನೇ ನೆಲಕ್ಕೆ ಬಾಗಿಸಿ ಒಂದು ಗಿಣ್ಣನ್ನು ಮಣ್ಣಿನಲ್ಲಿ ಹೂತು ಕಲ್ಲು ಹೇರಬೇಕು. ನೀರು ನಿಲ್ಲುವ ಜಾಗ ಬೇಡ, ಬಿಸಿಲು ಪೂರಾ ಬೇಕು. ಮಾಧವಿಗೆ ಗಟ್ಟಿಯಾದ ಚಪ್ಪರ ಬೇಕು, ಬಿದಿರಿನದು ಸಾಲದು. ಅದು ಬೀಜದಿಂದಲೂ ಬರುತ್ತದೆ. ಬೀಜಕ್ಕಾಗಿ ಬಳ್ಳಿಯ ಬುಡದಲ್ಲಿ ಹುಡುಕಿ ಪ್ರಯೋಜನವಿಲ್ಲ. ಬೇಸಗೆಯ ಗಾಳಿಗೆ ಮೂರು ರೆಕ್ಕೆಯ ಕಾಯಿ ತಿರುಗುತ್ತ ಹೋಗಿ ಬೇಲಿಯ ಆಚೆ, ನೆರೆಯವರ ಅಂಗಳದಲ್ಲಿ ಬಿದ್ದಿರುತ್ತದೆ.